ವೀಸಾ ಆಗೈತೆ ಅಂದ್ರೆ ಏನಾಗೈತೆ ಅಂತ ಕೇಳ್ರಮ್ಮ

ನಮ್ಮ ಜಡಿಗೇನಹಳ್ಳಿ ಕಡೆ ಹೆಣ್ಣು ನೋಡೋಕೆ ಬರೋರ ಬಾಯಲ್ಲಿ ಈಗ ಒಂದೇ ಮಾತು, "ಹುಡುಗನಿಗೆ ಎಚ್‌-1ಬಿ ಆಗೈತೆ." ಕೇಳಿದ್ದೇ ತಡ ನಮ್ಮೋರು ಮುಹೂರ್ತ ಇಡಿಸ್ತಾರೆ, ಹುಡುಗಿ ವೈಟ್‌ಫೀಲ್ಡ್ ಕೆಲಸಕ್ಕೆ ರಾಜೀನಾಮೆ ಬರೀತಾಳೆ. ನಾನು ಹೇಳೋದು, ಪಾಸ್‌ಪೋರ್ಟಲ್ಲಿ ವೀಸಾ ಅಂಟೋವರ್ಗೂ ಹುಡುಗಿ ಕೆಲಸ ಬಿಡೋದು ಬೇಡ. ಜಾತಕ ಹತ್ತು ಕಡೆ ತೋರಿಸ್ತೀವಿ, ಆ ಕಾಗದ ಒಂದ್ಸಲ ಓದಿಸೋಕೇನು?

"ಆಗೈತೆ" ಅಂದ್ರೆ ಎಷ್ಟೋ ಸಲ ಕಂಪ್ನಿ ಹಾಕಿದ ಅರ್ಜಿ ಮಂಜೂರಾಗೈತೆ ಅಂತ ಅಷ್ಟೇ. ಐ-797 ಅನ್ನೋ ಕಾಗದ ಅದು. ಅಲ್ಲೇ ಓದಿ ಅಲ್ಲೇ ಇರೋ ಹುಡುಗರಿಗೆ ಎರಡು ದಾರಿ. ಒಂದು, ಇದ್ದ ಜಾಗದಲ್ಲೇ ಸ್ಥಿತಿ ಬದಲಾಯಿಸೋದು. ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ಬದಲಾಗ್ತದೆ. ಇನ್ನೊಂದು ಕಾನ್ಸುಲೇಟ್ ದಾರಿ. ಹುಡುಗ ಆ ದೇಶ ಬಿಟ್ಟು ಬಂದು, ಇಲ್ಲಿ ಸಂದರ್ಶನ ಕೊಟ್ಟು, ಸ್ಟಾಂಪಿಂಗ್ ಮಾಡಿಸ್ಕೊಂಡು, ತಿರುಗಿ ಅಲ್ಲಿ ಕಾಲಿಟ್ಟ ಮೇಲೇ ಎಚ್‌-1ಬಿಗೆ ಜೀವ. ಅಲ್ಲೀವರ್ಗೂ ಅದು ಹೆಪ್ಪು ಹಾಕಿಟ್ಟ ಹಾಲು, ಮೊಸರು ಅನ್ನಂಗಿಲ್ಲ. ಮೊದಲ ದಾರಿ ಹಿಡಿದೋನೂ ಒಂದ್ಸಲ ಊರಿಗೆ ಬಂದ್ರೆ, ತಿರುಗಿ ಹೋಗೋಕೆ ಸ್ಟಾಂಪಿಂಗ್ ಬೇಕೇ ಬೇಕು.

ಬೆಂಗಳೂರಲ್ಲೇ ಅಮೆರಿಕದ ಕಾನ್ಸುಲೇಟ್ ಆಯ್ತಲ್ಲ ಅಂತೀರ. 2025ರ ಜನವರಿ 17ಕ್ಕೆ ಉದ್ಘಾಟನೆ ಆಯ್ತು ನಿಜ, ಆದ್ರೆ ವೀಸಾ ಕೆಲಸ ಶುರು ಮಾಡಲಿಲ್ಲ. ನಮ್ಮೋರು ಚೆನ್ನೈಗೋ ಹೈದರಾಬಾದಿಗೋ ಓಡಬೇಕಾಯ್ತು. (ಚೆನ್ನೈ ಎಕ್ಸ್‌ಪ್ರೆಸ್‌ವೇ ನಮ್ಮ ಹೊಸಕೋಟೆಯಿಂದಲೇ ಶುರು. ದಾರಿ ಹತ್ರ ಆಯ್ತದೆ, ಸಂದರ್ಶನದ ತಾರೀಕು ಹತ್ರ ಆಗಲ್ಲ.) ಅದೇ ವರ್ಷ ಡಿಸೆಂಬರ್ 15ರಿಂದ ಎಚ್‌-1ಬಿ, ಎಚ್‌-4 ಅರ್ಜಿದಾರರ ಫೇಸ್‌ಬುಕ್ಕು ಇನ್‌ಸ್ಟಾಗ್ರಾಮೆಲ್ಲ ಜಾಲಾಡ್ತೀವಿ ಅಂದ್ರು. ಡಿಸೆಂಬರಿಗೆ ಸಿಕ್ಕಿದ್ದ ಎಷ್ಟೋ ತಾರೀಕು 2026ರ ಮಾರ್ಚಿಗೆ, ಅದರಾಚೆಗೆ ಹೋದ್ವು. ಮೂರು ವಾರದ ರಜೆಗೆ ಬಂದೋರು ಇಲ್ಲೇ ಕೂತ್ರು. ಅಲ್ಲಿ ಮನೆ ಬಾಡಿಗೆ, ಕಾರಿನ ಕಂತು ನಿಲ್ತದಾ?

ಇನ್ನು ತಾಯಂದಿರು, ಅಜ್ಜಿಯಂದಿರ ಮಾತು. "ನಿನ್ನ ಅಣ್ಣನ ಮದುವೆಗೂ ಬರಲ್ವೇನೋ" ಅಂತ ಫೋನಲ್ಲಿ ಅಳೋದು ನಮಗೆ ಸಲೀಸು. ಏಪ್ರಿಲ್ಲಲ್ಲಿ ಅರ್ಜಿ ಹಾಕಿ ಕಾಯೋ ತಿಂಗಳುಗಳೇ ನಮ್ಮಲ್ಲಿ ಮದುವೆ, ಜಾತ್ರೆ, ಗೃಹಪ್ರವೇಶದ ಕಾಲ. ಸ್ಥಿತಿ ಬದಲಾಯಿಸೋ ಕೋರಿಕೆ ತೀರ್ಮಾನ ಆಗೋಕೆ ಮುಂಚೆ ಹುಡುಗ ಆ ದೇಶ ಬಿಟ್ಟರೆ, ಅದನ್ನ ಕೈಬಿಟ್ಟ ಅಂತ ಲೆಕ್ಕ. ಆಮೇಲೆ ಕಾನ್ಸುಲೇಟ್ ದಾರಿಯೇ. 2025ರ ಸೆಪ್ಟೆಂಬರ್ 21ರಿಂದ ಒಂದು ವರ್ಷಕ್ಕೆ ಅಂತ ಟ್ರಂಪ್ ಹೊರಡಿಸಿದ ಆದೇಶದಲ್ಲಿ, ಆ ದಾರಿಗೆ ಬೀಳೋ ಹೊಸ ಅರ್ಜಿಗೆ ಕಂಪ್ನಿ 1 ಲಕ್ಷ ಡಾಲರ್ ಕಟ್ಟಬೇಕು. ನಮ್ಮ ದುಡ್ಡಲ್ಲಿ 85 ಲಕ್ಷದ ಮೇಲೆ! ಇದ್ದ ಜಾಗದಲ್ಲೇ ಬದಲಾದೋರಿಗೆ ಅದಿಲ್ಲ. ಹೊಸದಾಗಿ ಸೇರಿದ ಹುಡುಗನಿಗೆ ಯಾವ ಕಂಪ್ನಿ ಅಷ್ಟು ಸುರೀತೈತೆ?

ಮೈ ಹುಷಾರಿಲ್ದಾಗಲೂ ಮಗನ ಮುಖ ನೋಡಬಾರದಾ ಅಂತೀರ. ನೋಡಬೇಕಮ್ಮ, ಹೆತ್ತ ಹೊಟ್ಟೆ ಅಲ್ವಾ. ಆದ್ರೆ ಮೊದಲು ಕಂಪ್ನಿ ವಕೀಲರನ್ನ ಕೇಳ್ಲಿ ಅವನು. ಬೇಡ ಅಂದ್ರೆ "ಸೊಕ್ಕು ಬಂದೈತೆ" ಅಂತ ಬೀದೀಲಿ ಹೇಳ್ಕೊಂಡು ತಿರುಗಬೇಡಿ.

ಎಲ್ಲಕ್ಕಿಂತ ಹೆಚ್ಚಿಗೆ ಏಟು ಬೀಳೋದು ಹುಡುಗೀಗೆ. ಅವಳ ಎಚ್‌-4 ನಿಂತಿರೋದು ಗಂಡನ ಎಚ್‌-1ಬಿ ಮೇಲೆ. ಅಲ್ಲಿಗೆ ಹೋದ್ರೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತಕ್ಕೆ ಬರೋವರ್ಗೂ ಅವಳು ದುಡಿಯಂಗಿಲ್ಲ. ಇವನ ಸ್ಟಾಂಪಿಂಗ್ ತಡ ಆದ್ರೆ ಇಲ್ಲೂ ಕೆಲಸ ಇಲ್ಲ, ಅಲ್ಲಿಗೂ ಹೋಗಂಗಿಲ್ಲ, ಅತ್ತೆ ಮನೇಲಿ ರೊಟ್ಟಿ ತಟ್ಕೊಂಡು ಸೂಟ್‌ಕೇಸ್ ನೋಡ್ತಾ ಕೂತ್ಕೋಬೇಕು. ಮಾತುಕತೇಲೇ ಕೇಳಿ: ಯಾವ ದಾರಿ, ಸ್ಟಾಂಪಿಂಗ್ ಆಗೈತಾ, ಈಗಿರೋ ಅನುಮತಿ ಯಾವಾಗ ಮುಗೀತದೆ.

ನಮ್ಮ ನಾದಿನಿ ಮಗಳಿಗೆ ನಾನೇ ಹೇಳಿದೆ, ಮದುವೆಗೆ ರಜೆ ಹಾಕು, ರಾಜೀನಾಮೆ ಬೇಡ. ಗಂಡಿನ ಕಡೆಯೋರು ಮುಖ ಸಿಂಡರಿಸಿದ್ರು. ಸಿಂಡರಿಸ್ಲಿ ಬಿಡಿ, ಅವಳಿಗೆ ತಿಂಗಳ ಸಂಬಳ ಬರ್ತಾ ಐತೆ.