ಹೆಸರು ಎರಡು, ಕಾರು ಒಂದೇ

ಕಾರು ಕೊಳ್ಳುವವರಿಗೆ ಇಂದು ಆಯ್ಕೆಗೆ ಕೊರತೆಯಿಲ್ಲ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಹೆಸರುಗಳನ್ನು ಎಣಿಸಿದರೆ ಅದು ನಿಜವೇ. ಆದರೆ ಹೆಸರಿನ ಬಿಲ್ಲೆಯನ್ನು ಬದಿಗಿಟ್ಟು ಒಳಗಿನ ವಸ್ತುವನ್ನು ಎಣಿಸಿದರೆ ಲೆಕ್ಕ ಬೇರೆಯಾಗುತ್ತದೆ. ಮಾರುತಿ ಸುಜುಕಿಯ ಬಲೆನೊ ಮತ್ತು ಟೊಯೋಟಾದ ಗ್ಲಾನ್ಜಾ ಎರಡು ಅಂಗಡಿಗಳಲ್ಲಿ ಎರಡು ಹೆಸರಿನಿಂದ ಮಾರಾಟವಾಗುವ, ಮೂಲತಃ ಒಂದೇ ಆದ ಕಾರು.

ಸುಜುಕಿ ಮತ್ತು ಟೊಯೋಟಾ ಕಂಪೆನಿಗಳು ಪರಸ್ಪರ ಸಹಕಾರಕ್ಕೆ ಕೈಜೋಡಿಸಿದ್ದು 2017ರಲ್ಲಿ. ಅದರ ಫಲವಾಗಿ 2019ರಲ್ಲಿ ಗ್ಲಾನ್ಜಾ ಬಂತು. 2022ರಲ್ಲಿ ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೋಟಾದ ಹೈರೈಡರ್ ಎರಡೂ ಬೆಂಗಳೂರಿನ ಬಳಿಯ ಬಿಡದಿಯ ಟೊಯೋಟಾ ಕಾರ್ಖಾನೆಯಿಂದಲೇ ಹೊರಬಂದವು. 2023ರಲ್ಲಿ ಟೊಯೋಟಾದ ಇನ್ನೋವಾ ಹೈಕ್ರಾಸ್ ಮಾರುತಿಯ ಅಂಗಡಿಯಲ್ಲಿ ಇನ್ವಿಕ್ಟೊ ಆಯಿತು. 2024ರಲ್ಲಿ ಮಾರುತಿಯ ಫ್ರಾಂಕ್ಸ್ ಟೊಯೋಟಾದ ಟೈಸರ್ ಆಯಿತು. ಮುಂಭಾಗದ ಜಾಲರಿ, ಬಂಪರ್, ಚಕ್ರದ ವಿನ್ಯಾಸ, ಒಳಗಿನ ಬಣ್ಣ ಮುಂತಾದವನ್ನು ಬಿಟ್ಟರೆ ಇಂಥ ಜೋಡಿಗಳಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಕಾರಿನ ತಳಭಾಗ, ಎಂಜಿನ್ ಕೂರುವ ಜಾಗ, ಸ್ಟಿಯರಿಂಗ್, ಸಸ್ಪೆನ್ಶನ್ ಇವೆಲ್ಲವನ್ನು ಕೂಡಿಸಿ ಪ್ಲಾಟ್‌ಫಾರ್ಮ್ ಎನ್ನುತ್ತಾರೆ. ನಮ್ಮ ಕಡೆಯ ಮನೆಗಳಿಗೆ ಹೋಲಿಸುವುದಾದರೆ ಇದು ಪಂಚಾಂಗವಿದ್ದಂತೆ. ಒಂದೇ ಅಳತೆಯ ಪಂಚಾಂಗದ ಮೇಲೆ ಬೇರೆ ಬೇರೆ ರೀತಿಯ ಎರಡು ಮನೆ ಕಟ್ಟುವುದು ಒಂದು ಕ್ರಮ. ಕಟ್ಟಿದ ಮನೆಗೆ ಬೇರೆ ಬಾಗಿಲು ಇಟ್ಟು ಬೇರೆ ಹೆಸರು ಬರೆಯಿಸುವುದು ಇನ್ನೊಂದು ಕ್ರಮ.

ಮೊದಲನೆಯದರಲ್ಲಿ ದೋಷವಿಲ್ಲ, ಲಾಭವೇ ಇದೆ. ಹೊಸ ಪ್ಲಾಟ್‌ಫಾರ್ಮ್ ರೂಪಿಸಲು ತಗಲುವ ಅಪಾರ ವೆಚ್ಚ ಹಲವು ಮಾದರಿಗಳಿಗೆ ಹಂಚಿಹೋಗುತ್ತದೆ, ಉಳಿದ ಹಣವನ್ನು ಸುರಕ್ಷತೆಗೆ ವಿನಿಯೋಗಿಸಬಹುದು. ಫೋಕ್ಸ್‌ವ್ಯಾಗನ್ ಕಂಪೆನಿ ಈ ದಾರಿ ಹಿಡಿದಿದೆ. ಅದರ ಟೈಗುನ್ ಮತ್ತು ಅದೇ ಸಮೂಹದ ಸ್ಕೋಡಾ ಕುಶಾಕ್ ಒಂದೇ ಪ್ಲಾಟ್‌ಫಾರ್ಮಿನವು. 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ಇವೆರಡಕ್ಕೂ ಐದು ನಕ್ಷತ್ರಗಳು ದೊರೆತವು.

ಆದರೆ ಗುಣ ಹಂಚಿಹೋದಂತೆ ದೋಷವೂ ಹಂಚಿಹೋಗುತ್ತದೆ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ನಿಯಂತ್ರಕದಲ್ಲಿ ದೋಷವಿರಬಹುದೆಂದು ಮಾರುತಿ 17,362 ವಾಹನಗಳನ್ನು ತಪಾಸಣೆಗೆ ಹಿಂದಕ್ಕೆ ಕರೆಯಿತು. ಬೆನ್ನಲ್ಲೇ ಟೊಯೋಟಾ ಕೂಡ ಗ್ಲಾನ್ಜಾ, ಹೈರೈಡರ್ ಸೇರಿ 1,390 ವಾಹನಗಳನ್ನು ಕರೆಯಬೇಕಾಯಿತು. ಹೆಸರು ಬೇರೆಯಾದ ಮಾತ್ರಕ್ಕೆ ದೋಷ ಬೇರೆಯಾಗುವುದಿಲ್ಲ.

ಎರಡನೆಯ ಕ್ರಮ ಎಲ್ಲಿಗೆ ಒಯ್ಯಬಲ್ಲುದು ಎಂಬುದಕ್ಕೆ ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯ ಚರಿತ್ರೆಯೇ ಪಾಠ. 1920ರ ದಶಕದಲ್ಲಿ ಆಲ್‌ಫ್ರೆಡ್ ಸ್ಲೋನ್ ಅವರು ಷೆವ್ರೊಲೆಯಿಂದ ಕ್ಯಾಡಿಲಾಕ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹೆಸರುಗಳನ್ನು ಜೋಡಿಸಿ, ಪ್ರತಿಯೊಂದಕ್ಕೂ ಅದರದೇ ಬೆಲೆ, ಅದರದೇ ಗಿರಾಕಿ ಎಂದು ನಿಶ್ಚಯಿಸಿದರು. ಆದಾಯ ಏರಿದಂತೆ ಗಿರಾಕಿ ಒಂದೊಂದೇ ಮೆಟ್ಟಿಲು ಏರಬೇಕೆಂಬುದು ಅವರ ಲೆಕ್ಕ. ದಶಕಗಟ್ಟಲೆ ಅದು ಫಲಿಸಿತು. 1977ರಲ್ಲಿ ಓಲ್ಡ್ಸ್‌ಮೊಬೀಲ್ ಕೊಂಡವರು ಅದರೊಳಗೆ ಷೆವ್ರೊಲೆಯ ಎಂಜಿನ್ ಕಂಡು ನ್ಯಾಯಾಲಯದ ಮೆಟ್ಟಿಲೇರಿದರು. 1982ರ ಮಾದರಿಯಾಗಿ ಬಂದ ಕ್ಯಾಡಿಲಾಕ್ ಸಿಮರಾನ್, ಅಗ್ಗದ ಷೆವ್ರೊಲೆ ಕ್ಯಾವಲಿಯರಿಗೆ ಚರ್ಮದ ಆಸನ ಹಾಕಿದ್ದೆಂಬ ಅಪಖ್ಯಾತಿ ಪಡೆಯಿತು. 1983ರಲ್ಲಿ ಫಾರ್ಚೂನ್ ಪತ್ರಿಕೆ ಆ ಕಂಪೆನಿಯ ನಾಲ್ಕು ಹೆಸರಿನ ನಾಲ್ಕು ಕಾರುಗಳನ್ನು ಒಟ್ಟಿಗೆ ನಿಲ್ಲಿಸಿ ಮುಖಪುಟದಲ್ಲಿ ಅಚ್ಚುಹಾಕಿತು. ಯಾವುದು ಯಾವುದೆಂದು ಗುರುತಿಸುವುದೇ ಕಷ್ಟವಾಗಿತ್ತು.

ಮುಂದಿನ ಕತೆ ಎಲ್ಲರಿಗೂ ಗೊತ್ತಿದೆ. 1897ರಲ್ಲಿ ಹುಟ್ಟಿದ ಓಲ್ಡ್ಸ್‌ಮೊಬೀಲ್ 2004ರಲ್ಲಿ ನಿಂತುಹೋಯಿತು. 2009ರಲ್ಲಿ ಕಂಪೆನಿಯೇ ದಿವಾಳಿಯಾಗಿ ನ್ಯಾಯಾಲಯದ ರಕ್ಷಣೆ ಬೇಡಿತು. 2010ರಲ್ಲಿ ಪಾಂಟಿಯಾಕ್ ಮುಗಿಯಿತು. ಜಪಾನಿನ ಪೈಪೋಟಿ, ತೈಲದ ಬೆಲೆ, ಸಾಲದ ಹೊರೆ ಇವೆಲ್ಲವೂ ಅದಕ್ಕೆ ಕಾರಣಗಳೇ. ಆದರೆ ಹೆಚ್ಚಿನ ಬೆಲೆ ತೆರಲು ಕಾರಣವೇ ಕಾಣದಿದ್ದಾಗ ಗಿರಾಕಿ ಮೇಲಿನ ಮೆಟ್ಟಿಲನ್ನು ಏಕೆ ಏರಬೇಕು? ಹೆಸರನ್ನು ಹಿಗ್ಗಿಸಿ ಉಳಿತಾಯ ಮಾಡಿದವರು ಕೊನೆಗೆ ಆ ಹೆಸರನ್ನೇ ಕಳಕೊಂಡರು.

ನಮ್ಮಲ್ಲಿ ಅಷ್ಟು ದೂರ ಬಂದಿಲ್ಲವೆಂಬುದು ನಿಜ. ಇಲ್ಲಿ ಕೈಜೋಡಿಸಿದ ಎರಡು ಕಂಪೆನಿಗಳೂ ಹೆಸರುವಾಸಿಯೇ, ವಸ್ತುವೂ ಕಳಪೆಯದಲ್ಲ. ಆದರೂ ಕಾಸರಗೋಡಿನಂಥ ಜಿಲ್ಲೆಯಲ್ಲಿ ಕಾರಿಗೆ ಹೋಗುವ ಹಣ ಗಲ್ಫಿನ ದುಡಿಮೆಯದೋ, ಅಡಿಕೆಯದೋ, ವರ್ಷಗಟ್ಟಲೆ ಕಂತು ಕಟ್ಟಬೇಕಾದ ಬ್ಯಾಂಕ್ ಸಾಲದ್ದೋ ಆಗಿರುತ್ತದೆ. ಆ ಹಣದಲ್ಲಿ ಎಷ್ಟು ಭಾಗ ವಸ್ತುವಿಗೆ, ಎಷ್ಟು ಭಾಗ ಬಿಲ್ಲೆಗೆ ಎಂದು ಕೇಳುವ ಹಕ್ಕು ಕೊಳ್ಳುವವನಿಗಿದೆ.

ಕೇಳಬೇಕಾದ ಪ್ರಶ್ನೆಗಳೂ ಸರಳವೇ. ಈ ಕಾರಿಗೆ ಬೇರೆ ಹೆಸರಿನ ಜೋಡಿ ಇದೆಯೇ? ಇದ್ದರೆ ಬೆಲೆಯ ಅಂತರ ಎಷ್ಟು? ವಾರಂಟಿ ಯಾರದು ಹೆಚ್ಚು? ಗ್ಲಾನ್ಜಾ ಬಂದಾಗ ಟೊಯೋಟಾ 3 ವರ್ಷದ ವಾರಂಟಿ ಕೊಟ್ಟರೆ, ಬಲೆನೊಗೆ ಮಾರುತಿ ಕೊಡುತ್ತಿದ್ದುದು 2 ವರ್ಷದ್ದು. ಮಾರುತಿಯೂ ಅದನ್ನು 3 ವರ್ಷಕ್ಕೆ ಏರಿಸಿದ್ದು 2024ರಲ್ಲಿ. ನಮ್ಮ ಊರಿಗೆ ಹತ್ತಿರದ ಸರ್ವೀಸ್ ಸ್ಟೇಷನ್ ಯಾವುದು, ಬಿಡಿಭಾಗ ಎಲ್ಲಿ ಬೇಗ ಸಿಗುತ್ತದೆ, ಹಳತಾದ ಮೇಲೆ ಯಾವ ಹೆಸರಿಗೆ ಬೆಲೆ ಹೆಚ್ಚು ಎಂಬುದನ್ನೂ ವಿಚಾರಿಸಬೇಕು. ಕಾರು ಒಂದೇ ಆದಾಗ ಆಯ್ಕೆ ಉಳಿಯುವುದು ಇವುಗಳಲ್ಲಿ ಮಾತ್ರ.

ಕಂಪೆನಿಗಳ ಮೇಲೂ ಒಂದು ಹೊಣೆಯಿದೆ. ಔಷಧದ ಪೊಟ್ಟಣದ ಮೇಲೆ ತಯಾರಕರ ಹೆಸರು ಇರುವಂತೆ, ಕಾರಿನ ಮೂಲ ಮಾದರಿ ಯಾರದು, ತಯಾರಿಸಿದವರು ಯಾರು ಎಂಬುದನ್ನು ಮಾರಾಟದ ಕಾಗದಪತ್ರಗಳಲ್ಲೇ ಸ್ಪಷ್ಟವಾಗಿ ಬರೆಯಬೇಕು. ಮುಚ್ಚಿಡುವಂಥದ್ದೇನೂ ಇಲ್ಲದಿದ್ದರೆ ಇದಕ್ಕೆ ಅವರು ಹಿಂಜರಿಯಬೇಕಾಗಿಲ್ಲ ಎಂದು ನಾವು ಭಾವಿಸುತ್ತೇವೆ.