ಶಿಕ್ಷಣ ಖಾತೆಯೂ ಪಾಲಕರೂ

ಮೇ ತಿಂಗಳು ಮುಗಿಯುತ್ತ ಬಂದು ಶಾಲೆಗಳ ಬಾಗಿಲು ತೆರೆಯುವ ಹೊತ್ತಿಗೆ ರಾಣೆಬೆನ್ನೂರಿನ ಪೇಟೆಯಲ್ಲಿ ಎರಡು ಬಗೆಯ ಗದ್ದಲ ಕಾಣುವದು ವಾಡಿಕೆ. ಬೀಜ-ಗೊಬ್ಬರದ ಅಂಗಡಿಗಳ ಮುಂದೆ ರೈತರದು ಒಂದು. ಪುಸ್ತಕದ ಅಂಗಡಿಗಳ ಮುಂದೆ ಪಾಲಕರದು ಇನ್ನೊಂದು. ಬೀಜದ ವಿಷಯದಲ್ಲಿ ನಮ್ಮ ರೈತನು ಬಹು ಚತುರನು. ಯಾವ ತಳಿಗೆ ಯಾವ ದರ, ಯಾವದಕ್ಕೆ ಸರಕಾರದ ಸಹಾಯಧನ, ಅರ್ಜಿಯೊಡನೆ ಯಾವ ಉತಾರ ಲಗತ್ತಿಸಬೇಕು ಎಂಬದೆಲ್ಲವನ್ನೂ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಂಡೇ ಅವನು ಪೇಟೆಗೆ ಬಂದಿರುತ್ತಾನೆ. ಆದರೆ ಅದೇ ರೈತನನ್ನು, ನಿನ್ನ ಮಗನು ಕಲಿಯುವ ಶಾಲೆಗೆ ವರುಷಕ್ಕೆ ಎಷ್ಟು ಹಣ ಮಂಜೂರಾಗುವದು, ನಿನ್ನ ಮಗಳಿಗೆ ಯಾವ ವಿದ್ಯಾರ್ಥಿವೇತನ ದೊರೆಯಬಹುದು ಎಂದು ಕೇಳಿದರೆ ಅವನು ನಮ್ಮ ಮುಖವನ್ನೇ ನೋಡುತ್ತಾನೆ. ಇದು ಅವನ ದಡ್ಡತನವೆಂದು ನಾವು ಒಪ್ಪಲಾರೆವು. ಬೀಜದ ಸುದ್ದಿಯನ್ನು ಅವನ ಬಳಿಗೆ ಮುಟ್ಟಿಸುವ ಏರ್ಪಾಡು ನಾಡಿನಲ್ಲಿದೆ. ಶಾಲೆಯ ಸುದ್ದಿಯನ್ನು ಮುಟ್ಟಿಸುವ ಏರ್ಪಾಡು ಇಲ್ಲ.

ಏರ್ಪಾಡುಗಳಿಗೆ ಮಾತ್ರ ಕೊರತೆಯಿಲ್ಲವೆಂಬದನ್ನು ವಾಚಕರು ಬಲ್ಲರು. ಬೆಂಗಳೂರಿನಲ್ಲಿ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ. ಅದರ ಮಗ್ಗುಲಲ್ಲಿ ಅಧ್ಯಾಪಕರ ತರಬೇತಿಗಾಗಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ. ಪುಸ್ತಕಗಳಿಗಾಗಿ ಕರ್ನಾಟಕ ಪಠ್ಯಪುಸ್ತಕ ಸಂಘ. 2022ರಲ್ಲಿ ಎರಡು ಮಂಡಲಿಗಳನ್ನು ಕೂಡಿಸಿ ಕಟ್ಟಿದ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ. ಕೇಂದ್ರದ ಹಣವನ್ನು ಹಂಚುವ ಸಮಗ್ರ ಶಿಕ್ಷಣ ಕರ್ನಾಟಕ. ನಮ್ಮ ಭಾಗಕ್ಕೆಂದು ಧಾರವಾಡದಲ್ಲಿ ಅಪರ ಆಯುಕ್ತರು, ಹಾವೇರಿಯಲ್ಲಿ ಉಪನಿರ್ದೇಶಕರು ಹಾಗೂ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ತಾಲೂಕಿನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಅವರ ಕೆಳಗೆ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅದರ ಕೆಳಗೆ ಸಮೂಹ ಸಂಪನ್ಮೂಲ ವ್ಯಕ್ತಿಗಳು. ಈ ಹೆಸರುಗಳನ್ನು ತಪ್ಪಿಲ್ಲದೆ ಒಂದೇ ಉಸಿರಿನಲ್ಲಿ ಹೇಳಬಲ್ಲ ಪಾಲಕನೊಬ್ಬನನ್ನು ಈ ಪಟ್ಟಣದಲ್ಲಿ ಯಾರಾದರೂ ತೋರಿಸಿದರೆ ಅವನಿಗೆ ಹಾವೇರಿಯ ಏಲಕ್ಕಿ ಹಾರವನ್ನು ತರಿಸಿ ಹಾಕಲು ನಾವು ಸಿದ್ಧರಿದ್ದೇವೆ.

ಈ ಸಂಸ್ಥೆಗಳು ಏನನ್ನೂ ಮಾಡುವದಿಲ್ಲವೆಂದು ಹಳಿಯುವವರ ಗುಂಪಿಗೆ ನಾವು ಸೇರಿದವರಲ್ಲ. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ನಾಡೆಲ್ಲ ಹಬ್ಬಿದ ಬಿಸಿಯೂಟ, 2013ರಲ್ಲಿ ಬಂದ ಕ್ಷೀರಭಾಗ್ಯ, ಉಚಿತ ಪುಸ್ತಕ ಮತ್ತು ಸಮವಸ್ತ್ರ ಇವು ಸಾಮಾನ್ಯ ಕಾರ್ಯಗಳಲ್ಲ. ಇವು ಮನೆಮನೆಗೂ ಗೊತ್ತಿವೆ; ಏಕೆಂದರೆ ಅನ್ನವು ತಾಟಿನಲ್ಲಿ ಕಾಣುವದು, ಅಂಗಿಯು ಮೈಮೇಲೆ ಕಾಣುವದು. ಕಣ್ಣಿಗೆ ಕಾಣದೆ ಕಾಗದದಲ್ಲಿ ಮಾತ್ರ ಇರುವ ಸವಲತ್ತುಗಳ ಗತಿಯೇ ಬೇರೆ. ಇಂದಿನ ಪಠ್ಯಪುಸ್ತಕಗಳಲ್ಲಿ ಕಪ್ಪು-ಬಿಳಿಯ ಚೌಕ ಚಿತ್ರವೊಂದನ್ನು ಮುದ್ರಿಸುತ್ತಾರೆ. ಮೊಬೈಲ್ ಫೋನನ್ನು ಅದರ ಮುಂದೆ ಹಿಡಿದರೆ ಆ ಪಾಠಕ್ಕೆ ಸಂಬಂಧಪಟ್ಟ ವಿವರಣೆ, ಚಲಚ್ಚಿತ್ರ, ಅಭ್ಯಾಸಗಳು ತೆರೆದುಕೊಳ್ಳುವವು, ಹಣ ಕೊಡಬೇಕಾದದ್ದಿಲ್ಲ. ಆದರೆ ಮನೆಪಾಠಕ್ಕೆ ತಿಂಗಳು ತಿಂಗಳು ಹಣ ತೆರುವ ಪಾಲಕರಲ್ಲಿ ಎಷ್ಟು ಮಂದಿ ಆ ಚೌಕವು ಯಾತಕ್ಕಿದೆ ಎಂದು ಬಲ್ಲರು?

ಹಣದ ಮಾತಿಗೆ ಬರೋಣ. ಸಮಗ್ರ ಶಿಕ್ಷಣ ಯೋಜನೆಯ ನಿಯಮದಂತೆ 100ಕ್ಕೆ ಮೇಲ್ಪಟ್ಟು 250ರ ವರೆಗೆ ಮಕ್ಕಳಿರುವ ಸರಕಾರಿ ಶಾಲೆಗೆ ವರುಷಕ್ಕೆ 50,000 ರೂಪಾಯಿಗಳ ಶಾಲಾ ಅನುದಾನ ಗೊತ್ತುಮಾಡಿದೆ. ಇದರಲ್ಲಿ ಹತ್ತರಲ್ಲೊಂದು ಪಾಲಿಗೆ ಕಡಿಮೆಯಾಗದಂತೆ ಶೌಚ-ನೈರ್ಮಲ್ಯಕ್ಕೆ ವೆಚ್ಚವಾಗಬೇಕು. ಆಟದ ಸಾಮಾನುಗಳಿಗೆ ಕಿರಿಯ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿಗಳೆಂದು ಬೇರೆ ಮೊತ್ತವಿದೆ. ವಾಚನಾಲಯದ ಪುಸ್ತಕಗಳಿಗೆ ಮತ್ತೊಂದು. ಇವು ದೊಡ್ಡ ಮೊತ್ತಗಳಲ್ಲ. ಆದರೆ ಇವುಗಳ ಖರ್ಚನ್ನು ನೋಡಿಕೊಳ್ಳುವ ಅಧಿಕಾರ ಯಾರದು? ಬೆಂಗಳೂರಿನದೂ ಅಲ್ಲ, ಹಾವೇರಿಯದೂ ಅಲ್ಲ, ಪಾಲಕರದೇ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಕರ್ನಾಟಕವು 2001ರಲ್ಲಿಯೇ ಏರ್ಪಡಿಸಿ ಉಳಿದ ಪ್ರಾಂತಗಳಿಗೆ ಮೇಲ್ಪಂಕ್ತಿಯಾಯಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಂದಿ ಸ್ತ್ರೀಯರಿರಬೇಕು, ಅನುದಾನದ ವಿನಿಯೋಗವನ್ನು ಅದು ಪರೀಕ್ಷಿಸಬೇಕು, ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ತಾನೇ ಬರೆಯಬೇಕು ಎಂದು ಸ್ಪಷ್ಟವಾಗಿ ವಿಧಿಸಿದೆ. ನಡೆಯುವದೇನು? ಊರಿನ ಎರಡು ಪಕ್ಷಗಳ ಜಗಳದಲ್ಲಿ ಅಧ್ಯಕ್ಷರ ಆಯ್ಕೆ, ಆಗಸ್ಟ್ 15ರಂದು ಧ್ವಜವಂದನೆ, ಉಳಿದ ದಿನಗಳಲ್ಲಿ ಹೆಡ್‌ಮಾಸ್ತರರು ಮನೆಗೆ ಕಳಿಸಿದ ಪುಸ್ತಕದಲ್ಲಿ ಸಹಿ. ಸದಸ್ಯಳಾದ ತಾಯಿಗೆ ತಾನು ಸದಸ್ಯಳೆಂಬದೇ ಗೊತ್ತಿಲ್ಲದ ಉದಾಹರಣೆಗಳನ್ನು ನಾವು ಬಲ್ಲೆವು.

ಇನ್ನೊಂದು ಸಂಗತಿ. ಎಂಟನೆಯ ತರಗತಿಯ ಮಕ್ಕಳಿಗಾಗಿ ರಾಜ್ಯದ ಮಟ್ಟದಲ್ಲಿ ಪರೀಕ್ಷೆಯೊಂದು ನಡೆಯುವದು. ಸರಕಾರಿ ಇಲ್ಲವೆ ಅನುದಾನಿತ ಶಾಲೆಯಲ್ಲಿ ಕಲಿಯುವ, ಮನೆಯ ವಾರ್ಷಿಕ ಉತ್ಪನ್ನ ಮೂರೂವರೆ ಲಕ್ಷ ರೂಪಾಯಿಗಳನ್ನು ಮೀರದ ವಿದ್ಯಾರ್ಥಿಯು ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯ ವರೆಗೆ ವರುಷಕ್ಕೆ 12,000 ರೂಪಾಯಿಗಳಂತೆ ವೇತನ ದೊರೆಯುವದು. ನಾಲ್ಕು ವರುಷಕ್ಕೆ 48,000! ಒಂಬತ್ತನೆಯ ತರಗತಿಗೇ ಶಾಲೆ ಬಿಡಿಸಿ ಮಗಳನ್ನು ಕೂಲಿಗೆ ಕರೆದೊಯ್ಯುವ ಮನೆಯಲ್ಲಿ ಈ ಮೊತ್ತವು ಒಂದು ಜೀವಮಾನದ ದಿಕ್ಕನ್ನೇ ಬದಲಿಸಬಲ್ಲದು. ಆದರೆ ಇದಕ್ಕೆ ಅರ್ಜಿ ಹಾಕುವ ಅವಧಿಯು ಬಂದು ಹೋದದ್ದು ಉತ್ಸಾಹಿಯಾದ ಮಾಸ್ತರರೊಬ್ಬರು ಇದ್ದ ಶಾಲೆಯಲ್ಲಿ ಮಾತ್ರ ತಿಳಿಯುವದು. ಒಬ್ಬ ಮಾಸ್ತರರ ವರ್ಗವಾದರೆ ಒಂದು ಊರಿನ ಮಕ್ಕಳ ಭಾಗ್ಯವೂ ವರ್ಗವಾಗುವದೆಂದರೆ ಅದನ್ನು ವ್ಯವಸ್ಥೆಯೆಂದು ಕರೆಯುವದು ಹೇಗೆ?

ಎಲ್ಲಕ್ಕಿಂತ ಹೆಚ್ಚಿನ ಅನ್ಯಾಯವಾಗುವದು ಅಂಗವಿಕಲ ಮಕ್ಕಳಿಗೆ. ಕಿವಿ ಕೇಳಿಸದ, ಕಣ್ಣು ಮಂದವಾದ, ಬುದ್ಧಿ ನಿಧಾನವಾದ, ನಡೆಯಲಾರದ ಮಕ್ಕಳು ಪ್ರತಿಯೊಂದು ಹಳ್ಳಿಯಲ್ಲಿಯೂ ಇದ್ದಾರೆ. ದೇವರ ಶಾಪವೆಂದೋ ಹಿಂದಿನ ಜನ್ಮದ ಕರ್ಮವೆಂದೋ ತಾಯಂದಿರು ಅವರನ್ನು ಒಳಮನೆಯಲ್ಲಿಟ್ಟು ಸಾಕುತ್ತಾರೆ. ಸರಕಾರದ ಕಾಗದಗಳಲ್ಲಾದರೋ ಈ ಮಗುವಿನ ಸ್ಥಾನವು ಬಹಳ ದೊಡ್ಡದು. 2012ರಲ್ಲಿ ಶಿಕ್ಷಣ ಹಕ್ಕಿನ ಕಾಯಿದೆಗೆ ತಿದ್ದುಪಡಿ ಮಾಡಿ, ತೀವ್ರವಾದ ವೈಕಲ್ಯವುಳ್ಳ ಮಗುವಿಗೆ ಮನೆಯಲ್ಲಿಯೇ ಶಿಕ್ಷಣ ಪಡೆಯುವ ಹಕ್ಕನ್ನು ಕೊಟ್ಟಿದ್ದಾರೆ. 2016ರ ಕಾಯಿದೆಯು ನೂರಕ್ಕೆ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ ಉಚಿತ ಶಿಕ್ಷಣದ ಅವಧಿಯನ್ನು 14ರ ಬದಲು 18 ವರುಷದ ವರೆಗೆ ಹಿಗ್ಗಿಸಿದೆ. ತಪಾಸಣೆಯ ಶಿಬಿರಗಳು, ಶ್ರವಣಯಂತ್ರ, ಗಾಲಿಕುರ್ಚಿ ಮುಂತಾದ ಉಪಕರಣಗಳು, ವಿಶೇಷ ಶಿಕ್ಷಕರು, ಅಂಗವಿಕಲ ಬಾಲಿಕೆಯರಿಗೆ ವರುಷದಲ್ಲಿ ಹತ್ತು ತಿಂಗಳು 200 ರೂಪಾಯಿಗಳ ವೇತನ, ಇಷ್ಟೆಲ್ಲ ಸಮಗ್ರ ಶಿಕ್ಷಣದ ಲೆಕ್ಕದಲ್ಲಿ ಉಂಟು. ಇವುಗಳ ಕೀಲಿಕೈ ಇರುವದು ತಾಲೂಕಿನ ಸಂಪನ್ಮೂಲ ಕೇಂದ್ರದಲ್ಲಿ. ಆ ಕೇಂದ್ರವೆಂಬದೊಂದಿದೆ, ಅಲ್ಲಿಗೆ ಹೋಗಿ ಕೇಳಬಹುದು, ಕೇಳಲು ಯಾರ ಶಿಫಾರಸೂ ಬೇಡ ಎಂಬದನ್ನು ತುಂಗಭದ್ರೆಯ ದಂಡೆಯ ಹಳ್ಳಿಯಲ್ಲಿರುವ ಆ ತಾಯಿಗೆ ಹೇಳುವವರು ಯಾರು? ಶಾಲೆಗೆ ಹೆಸರು ಹಚ್ಚದ ಮಗುವಿನ ಮನೆಗೆ ಮಾಸ್ತರರು ಹೋಗುವ ಪ್ರಸಂಗವೇ ಅಪರೂಪ. ಎರಡು-ಮೂರನೆಯ ವರುಷದಲ್ಲಿ ಕಿವಿಯ ದೋಷವನ್ನು ಕಂಡುಹಿಡಿದರೆ ಮಾತು ಕಲಿಯಬಹುದಾಗಿದ್ದ ಕೂಸು ಹತ್ತನೆಯ ವರುಷದಲ್ಲಿ ಶಿಬಿರಕ್ಕೆ ಬಂದಾಗ ಯಂತ್ರ ಕೊಟ್ಟರೂ ಕಳೆದ ಕಾಲವು ಮರಳಿ ಬರುವದಿಲ್ಲ.

ನಮ್ಮ ಸೀಮೆಗೆ ವಿಶೇಷವಾದ ಮತ್ತೊಂದು ತೊಂದರೆಯಿದೆ. ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಊರು. ಬ್ಯಾಡಗಿಯಂತೂ ಮೆಣಸಿನಕಾಯಿಯಿಂದ ಜಗತ್ತಿಗೇ ಗೊತ್ತು. ಹೈಬ್ರಿಡ್ ಹತ್ತಿಬೀಜದ ಹೊಲಗಳಲ್ಲಿ ಸಂಜೆ ಮೊಗ್ಗಿನ ಕೇಸರಗಳನ್ನು ತೆಗೆದು ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸಬೇಕಾಗುವದು. ಬೆಳಗಿನ ಆ ಹೊತ್ತು ಶಾಲೆಯ ಗಂಟೆಯ ಹೊತ್ತೂ ಹೌದು. ಎಳೆಯ ಬೆರಳುಗಳಿಗೆ ಈ ಕೆಲಸ ಸುಲಭವೆಂಬ ಮಾತು ಕೂಲಿಯ ಪೇಟೆಯಲ್ಲಿ ಹಳೆಯದು. ಬ್ಯಾಡಗಿಯಲ್ಲಿ ಸೋಮವಾರ-ಗುರುವಾರಗಳ ಪೇಟೆ ತುಂಬಿದಾಗ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೆಣ್ಣುಮಕ್ಕಳು ಸಾಲಾಗಿ ಕೂಡುತ್ತಾರೆ. ತಾಯಿಯೊಡನೆ ಬಂದ ಮಗು ಎಷ್ಟು ಹೊತ್ತು ಸುಮ್ಮನೆ ಕುಳಿತೀತು? ಆ ಸುಗ್ಗಿಯ ಮುಖ್ಯ ತಿಂಗಳುಗಳೇ ಶಾಲೆಯ ವಾರ್ಷಿಕ ಪರೀಕ್ಷೆಯ ಸಿದ್ಧತೆಯ ತಿಂಗಳುಗಳು. ಹದಿನಾಲ್ಕರ ಒಳಗಿನ ಮಗುವನ್ನು ಕೂಲಿಗೆ ಹಚ್ಚುವದು ಅಪರಾಧವೆಂಬದು ಈಗ ಬಹಳ ಜನರಿಗೆ ಗೊತ್ತಿದೆ. ಆದರೆ ಶಾಲೆ ಬಿಟ್ಟ ಮಗುವನ್ನು ಯಾವ ತಿಂಗಳಿನಲ್ಲಾದರೂ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು, ಜನ್ಮದಾಖಲೆಯಾಗಲಿ ವರ್ಗಾವಣೆಯ ಪತ್ರವಾಗಲಿ ಇಲ್ಲವೆಂದು ತಿರುಗಿ ಕಳಿಸಕೂಡದು ಎಂಬ ಮಾತುಗಳೂ ಕಾಯಿದೆಯಲ್ಲಿವೆಯೆಂಬದು ಎಷ್ಟು ಜನರಿಗೆ ಗೊತ್ತು? ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ನಮ್ಮ ಉಚ್ಚ ನ್ಯಾಯಾಲಯವೇ 2013ರಲ್ಲಿ ತಾನಾಗಿ ಕೈಗೆತ್ತಿಕೊಳ್ಳಬೇಕಾಯಿತು. ಗದರಿಸುವ ಅರ್ಧವನ್ನು ಹಲಿಗೆಯಲ್ಲಿ ಬರೆದು ತೂಗುಹಾಕುತ್ತಾರೆ. ನೆರವಾಗುವ ಅರ್ಧವು ಕಪಾಟಿನಲ್ಲಿ ಉಳಿಯುವದು.

ಮುಂಬಯಿ ಪ್ರಾಂತದಲ್ಲಿ ನಾವಿದ್ದ ಕಾಲದ ಇತಿಹಾಸವನ್ನು ಇಲ್ಲಿ ನೆನೆಯುವದು ಅಪ್ರಸ್ತುತವಾಗಲಾರದು. ಕನ್ನಡ ಮಕ್ಕಳು ಮರಾಠಿ ಶಾಲೆಗಳಲ್ಲಿ ಕಲಿಯಬೇಕಾದ ದಿನಗಳಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಚನ್ನಬಸಪ್ಪನವರು (1834–1881) ಶಿಕ್ಷಣ ಖಾತೆಯ ಡೆಪ್ಯುಟಿ ಇನ್‌ಸ್ಪೆಕ್ಟರರು. ಜನರು ಅವರನ್ನು ಡೆಪ್ಯುಟಿ ಚನ್ನಬಸಪ್ಪನೆಂದೇ ಕರೆದರು. ಇಂದಿಗೂ ಹಾಗೆಯೇ ಕರೆಯುತ್ತೇವೆ. ಸರಕಾರಿ ಹುದ್ದೆಯ ಹೆಸರು ಮನುಷ್ಯನ ಹೆಸರಿನೊಡನೆ ಬೆಸೆದುಹೋಗಬೇಕಾದರೆ ಆ ಅಧಿಕಾರಿಯು ಜನರಿಗೆ ಎಷ್ಟು ಪರಿಚಿತನಾಗಿರಬೇಕು! 1860ರ ದಶಕದಲ್ಲಿ ಧಾರವಾಡದಲ್ಲಿ ಅಧ್ಯಾಪಕರಿಗಾಗಿ ಮಠಪತ್ರಿಕೆ ಹೊರಟಿತು; ಅದರ ಪರಂಪರೆಯನ್ನು ಜೀವನ ಶಿಕ್ಷಣ ಮಾಸಪತ್ರಿಕೆಯು ಮುಂದುವರಿಸಿತು. ಮಾಸ್ತರರಿಗೆ ಬುದ್ಧಿ ಹೇಳುವ ಪತ್ರಿಕೆಯು ಅಂದೇ ಹುಟ್ಟಿದ ನಾಡಿನಲ್ಲಿ ಪಾಲಕರಿಗೆ ಸುದ್ದಿ ಹೇಳುವ ಎರಡು ಹಾಳೆಯೂ ಖಾತೆಯಿಂದ ಮನೆಮನೆಗೆ ಹೊರಡದಿರುವದು ವಿಚಿತ್ರವಲ್ಲವೆ?

ಎಲ್ಲವೂ ಅಂತರ್ಜಾಲದಲ್ಲಿದೆಯಲ್ಲ ಎಂದು ಅಧಿಕಾರಿಗಳು ಉತ್ತರ ಕೊಡಬಹುದು. ಇದೆ ನಿಜ. ಯಾವ ಹೆಸರಿನಿಂದ ಹುಡುಕಬೇಕೆಂದು ಬಲ್ಲವನಿಗೆ ಇದೆ. ಸುತ್ತೋಲೆಗಳ ಕನ್ನಡವನ್ನು ಓದಿ ತಿಳಿಯಲು ಮತ್ತೊಂದು ಸುತ್ತೋಲೆ ಬೇಕಾಗುವ ಸ್ಥಿತಿಯಲ್ಲಿ ಕೂಲಿಯ ಮನೆಯವರು ಅದನ್ನು ತೆರೆದು ಮಾಡುವದೇನು? ಶಿಕ್ಷಕರ ಮೇಲೆ ಇನ್ನೊಂದು ಭಾರ ಹೊರಿಸಬೇಕೆಂದೂ ನಾವು ಹೇಳುವದಿಲ್ಲ. ಚುನಾವಣೆ, ಗಣತಿ, ದಿನದ ಮೊಟ್ಟೆಯ ಲೆಕ್ಕ, ಕಂಪ್ಯೂಟರಿಗೆ ತುಂಬಬೇಕಾದ ಅಂಕಿ-ಸಂಖ್ಯೆ ಇವುಗಳ ನಡುವೆ ಪಾಠ ಹೇಳಲು ಸಮಯ ಸಿಕ್ಕರೆ ಅದೇ ಅವರ ಪುಣ್ಯವಾಗಿದೆ. ಬಡವರ ಮಾತು ಹಾಗಿರಲಿ. ನಮ್ಮ ಪಟ್ಟಣದ ಸುಶಿಕ್ಷಿತರ ನಡತೆಯೂ ಹೊಗಳತಕ್ಕದ್ದಲ್ಲ. ತಮ್ಮ ಮಕ್ಕಳು ಇಂಗ್ಲಿಷ್ ಶಾಲೆಯ ಮೋಟಾರಿನಲ್ಲಿ ಹೋಗುತ್ತಾರಾದ್ದರಿಂದ ಸರಕಾರಿ ಶಾಲೆಯ ಸಂಗತಿ ತಮಗೆ ಸಂಬಂಧಿಸಿದ್ದಲ್ಲವೆಂದು ವಕೀಲರು, ವ್ಯಾಪಾರಸ್ಥರು, ಸ್ವತಃ ಸರಕಾರಿ ನೌಕರರು ಕೂಡ ತಿಳಿದಿದ್ದಾರೆ. ಕೇಳುವವರಿಲ್ಲದ ಕಡೆ ಹೇಳುವವರೂ ಇಲ್ಲವಾಗುವದು ಲೋಕರೂಢಿ.

ನಾವು ಬೇಡುವದು ಬಹಳವಲ್ಲ. ಪಠ್ಯಪುಸ್ತಕ ಸಂಘವು ಪ್ರತಿವರ್ಷ ನಾಡಿನ ಮಕ್ಕಳ ಕೈಗೆ ಪುಸ್ತಕಗಳನ್ನು ಮುಟ್ಟಿಸಲೇಬೇಕಷ್ಟೆ. ಆ ಪುಸ್ತಕಗಳೊಡನೆ ನಾಲ್ಕು ಪುಟದ ಒಂದು ಹಸ್ತಪತ್ರಿಕೆಯನ್ನು, ಮನೆಯಲ್ಲಿ ಆಡುವ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕಿಸಿ ಸೇರಿಸಲಿ. ಯಾವ ಸವಲತ್ತು, ಯಾರಿಗೆ, ಯಾವ ತಿಂಗಳಿನಲ್ಲಿ ಅರ್ಜಿ, ತಾಲೂಕಿನಲ್ಲಿ ಯಾವ ಅಧಿಕಾರಿಯನ್ನು ಕಾಣಬೇಕು ಎಂಬಿಷ್ಟೇ ಅದರಲ್ಲಿರಲಿ. ತಾಯಿ-ತಂದೆಗಳಿಗೆ ಓದು ಬಾರದಿದ್ದರೆ ಮಗುವೇ ಓದಿ ಹೇಳಲಿ; ಅದಕ್ಕಿಂತ ಒಳ್ಳೆಯ ವಾಚನಪಾಠ ಯಾವದು? ಶಾಲೆಗೆ ಆ ವರುಷ ಬಂದ ಅನುದಾನವನ್ನೂ ಅದರ ಖರ್ಚನ್ನೂ ಹೊರಗೋಡೆಯ ಮೇಲೆ ಬರೆಯಿಸುವದಕ್ಕೆ ಒಂದು ಡಬ್ಬಿ ಬಣ್ಣ ಸಾಕು. ತಾಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ವಾರಕ್ಕೊಂದು ದಿನ, ಅದೂ ಹಳ್ಳಿಯ ಜನರು ಪಟ್ಟಣಕ್ಕೆ ಬರುವ ಸಂತೆಯ ದಿನವೇ, ಪಾಲಕರನ್ನು ಕಾಣುವದಕ್ಕೆಂದು ಒಬ್ಬರು ಕುರ್ಚಿಯಲ್ಲಿ ಕುಳಿತಿರಬೇಕು. ಸಂತೆಯು ರಜೆಯ ದಿನಕ್ಕೆ ಬಿದ್ದರೆ ಅವರಿಗೆ ಬೇರೆ ದಿನ ರಜೆ ಕೊಡುವದು ಸರಕಾರಕ್ಕೆ ಕಷ್ಟವಾಗಲಾರದು. ಬ್ಯಾಡಗಿಯಲ್ಲಿ ಮಾರುಕಟ್ಟೆಯ ಪ್ರಾಂಗಣದಲ್ಲಿಯೇ, ಸುಗ್ಗಿಯ ತಿಂಗಳುಗಳ ಮಟ್ಟಿಗಾದರೂ, ಇಂಥದೊಂದು ಮೇಜನ್ನು ಹಾಕಿಸುವದಕ್ಕೆ ಮಾರುಕಟ್ಟೆಯ ಸಮಿತಿಯವರು ಅಡ್ಡಿ ಹೇಳಲಾರರೆಂದು ನಂಬಿದ್ದೇವೆ.

ಬೆಂಗಳೂರಿನ ಮಾತು ಬೆಂಗಳೂರಿನಲ್ಲಿ ಆಗುವಷ್ಟು ದಿನ ಆಗಲಿ. ರಾಣೆಬೆನ್ನೂರು ತಾಲೂಕಿನ ಮಟ್ಟಿಗೆ ಮೇಲೆ ಹೇಳಿದ ವಿವರಗಳನ್ನು ಖಾತೆಯವರು ನಮಗೆ ಒದಗಿಸಿದ ಪಕ್ಷದಲ್ಲಿ ಪ್ರತಿ ತಿಂಗಳ ಮೊದಲ ರವಿವಾರ ನಮ್ಮ ಪತ್ರಿಕೆಯಲ್ಲಿ ಅರ್ಧ ಪುಟವನ್ನು ಯಾವ ಶುಲ್ಕವೂ ಇಲ್ಲದೆ ಅದಕ್ಕೆ ಬಿಟ್ಟುಕೊಡಲು ಸಿದ್ಧರಿದ್ದೇವೆ. ಆ ಪುಟದ ಬಿಡಿ ಪ್ರತಿಗಳನ್ನು ಪಂಚಾಯತಿಯ ಕಟ್ಟೆಗೂ ಹಾಲಿನ ಸೊಸಾಯಿಟಿಗೂ ಹಚ್ಚಿಸುವ ಭಾರವನ್ನು ಪಟ್ಟಣದ ತರುಣ ಸಂಘಗಳಲ್ಲಿ ಯಾವದಾದರೂ ಹೊರುವದಾದರೆ ಕೂಡಲೆ ನಮಗೆ ತಿಳಿಸಬೇಕು.