ಇಂಗ್ಲಿಷ್ ಬಲ್ಲವರೇ, ವಾರಕ್ಕೊಂದು ಗಂಟೆ ಕೊಡಿ

ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ಶುರುಮಾಡಿದ್ದು 2007ರಲ್ಲಿ. ಆದರೂ ಎಸ್ಸೆಸ್ಸೆಲ್ಸಿ ಮುಗಿಸಿದ ಎಷ್ಟೋ ಮಕ್ಕಳು ಹತ್ತು ಸಾಲಿನ ಪತ್ರ ಬರೆಯಲು ತಡವರಿಸುತ್ತಾರೆ. ಪದಗಳು ಬರುವುದಿಲ್ಲವೆಂದಲ್ಲ. ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ ಬರೆದುಕೊಂಡು ಬಾಯಿಪಾಠ ಮಾಡಿರುತ್ತಾರೆ. ಯಾವ ಪದದ ಪಕ್ಕ ಯಾವುದು ಹೊಂದುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ.

ಕನ್ನಡದಲ್ಲಿ ಇದು ನಮಗೆ ಕಲಿಸದೆಯೇ ಬಂದಿದೆ. ರಾಜಕುಮಾರ್ ಅವರ ಕಟ್ಟಾ ಅಭಿಮಾನಿ ಎನ್ನುತ್ತೇವೆ. ಬದ್ಧ ಅಭಿಮಾನಿ ಎನ್ನುವುದಿಲ್ಲ. ಬದ್ಧ ಎನ್ನುವುದು ವೈರಿಗೆ. ಗೆಳೆಯನಾದರೆ ಆಪ್ತ, ಪ್ರಾಣಸ್ನೇಹಿತ. ಇಂಗ್ಲಿಷಿಗೂ ಇಂಥದೇ ರೂಢಿಯಿದೆ. ಆರ್‌ಸಿಬಿಯ ಅಭಿಮಾನಿ ಹುಡುಗನೊಬ್ಬ ತನ್ನನ್ನು 'ಸ್ಟ್ರಿಕ್ಟ್ ಫ್ಯಾನ್' ಎಂದು ಬರೆದುಕೊಂಡರೆ ವ್ಯಾಕರಣ ಸರಿಯಿದ್ದರೂ ಅದು ಇಂಗ್ಲಿಷ್ ಆಗುವುದಿಲ್ಲ. ಅಲ್ಲಿ ಬೇಕಾದದ್ದು 'ಬಿಗ್ ಫ್ಯಾನ್', ಇಲ್ಲವೇ 'ಡೈ-ಹಾರ್ಡ್ ಫ್ಯಾನ್'. ರಾಜಕೀಯ ಪಕ್ಷದ ನಿಷ್ಠಾವಂತನಿಗೆ 'ಸ್ಟಾಂಚ್ ಸಪೋರ್ಟರ್'. ಬಹಿರಂಗವಾಗಿ ದನಿಯೆತ್ತಿ ಬೆಂಬಲಿಸುವವರು 'ವೋಕಲ್ ಸಪೋರ್ಟರ್'. ಮನಸಾರೆ ಮೆಚ್ಚಿದವರು 'ಆರ್ಡೆಂಟ್ ಅಡ್ಮೈರರ್'.

ಇಂಥ ಜೋಡಿಗಳ ಹಿಂದೆ ಕಥೆಗಳೂ ಇವೆ, ಮಕ್ಕಳಿಗೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ. 1811ರಲ್ಲಿ ಸ್ಪೇನಿನ ಅಲ್ಬುಯೆರಾದಲ್ಲಿ ನೆಪೋಲಿಯನ್ನನ ಸೇನೆಯೊಡನೆ ಕದನ. ಬ್ರಿಟಿಷರ 57ನೇ ರೆಜಿಮೆಂಟಿನ ಕರ್ನಲ್ ಇಂಗ್ಲಿಸ್ ಗಾಯಗೊಂಡು ಬಿದ್ದಿದ್ದರೂ 'ಡೈ ಹಾರ್ಡ್', ಅಂದರೆ ಕೊನೆಯುಸಿರಿನವರೆಗೆ ಜಗ್ಗದೆ ಕಾದಾಡಿ ಎಂದು ತನ್ನ ಸೈನಿಕರನ್ನು ಹುರಿದುಂಬಿಸಿದನಂತೆ. ಆ ರೆಜಿಮೆಂಟಿಗೆ 'ಡೈ ಹಾರ್ಡ್ಸ್' ಎಂಬ ಹೆಸರೇ ನಿಂತಿತು. ನೂರು ವರ್ಷದ ನಂತರ, 1911ರಲ್ಲಿ, ಬ್ರಿಟಿಷ್ ಸಂಸತ್ತಿನ ಲಾರ್ಡ್ಸ್ ಸಭೆಯ ಅಧಿಕಾರ ಮೊಟಕುಗೊಳಿಸುವ ಮಸೂದೆಯನ್ನು ಹಟ ಹಿಡಿದು ವಿರೋಧಿಸಿದವರನ್ನೂ ಹಾಗೆಯೇ ಕರೆದರು. ಈಗ ಅದು ಕ್ರಿಕೆಟ್ ಮೈದಾನದ ಗ್ಯಾಲರಿಗೆ ಬಂದು ಕೂತಿದೆ. ಈ ಕಥೆ ಕೇಳಿದ ಮಗು ಆ ಜೋಡಿಯನ್ನು ಸುಲಭವಾಗಿ ಮರೆಯುವುದಿಲ್ಲ.

ಹಲವು ತರಗತಿಗಳನ್ನು ಒಟ್ಟಿಗೆ ನಿಭಾಯಿಸುವ ಮೇಷ್ಟ್ರಿಗೆ ಇಷ್ಟೆಲ್ಲ ಹೇಳಿಕೊಡಲು ಬಿಡುವೆಲ್ಲಿ? ಅದಕ್ಕೇ ಬ್ಯಾಂಕಿನಲ್ಲಿ, ಕಂಪನಿಯಲ್ಲಿ, ಕಚೇರಿಯಲ್ಲಿ ದಿನವೂ ಇಂಗ್ಲಿಷ್ ಬಳಸುವ ನಿಮ್ಮನ್ನು, ನಿವೃತ್ತರಾದ ಹಿರಿಯರನ್ನು ಕೇಳಿಕೊಳ್ಳುತ್ತಿದ್ದೇನೆ. ಪಾಠದ ತಯಾರಿಯೇನೂ ಬೇಡ. ಒಂದು ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟ ಹಿಡಿದು ಹೋಗಿ. 'ಫ್ಯಾನ್', 'ಸಪೋರ್ಟರ್' ಎಂದಿರುವ ಕಡೆಯಲ್ಲೆಲ್ಲ ಅದರ ಹಿಂದಿನ ಪದಕ್ಕೂ ಸೇರಿಸಿ ಮಕ್ಕಳಿಂದ ಗೆರೆ ಎಳೆಸಿ. ಬಿಡಿ ಪದವನ್ನಲ್ಲ, ಇಡೀ ಜೋಡಿಯನ್ನೇ ನೋಟ್‌ಬುಕ್ಕಿಗೆ ಇಳಿಸಲಿ. ಆಮೇಲೆ ತಮ್ಮ ಊರಿನ ಬಗ್ಗೆ, ತಮಗಿಷ್ಟವಾದ ಆಟಗಾರನ ಬಗ್ಗೆ ಅದೇ ಜೋಡಿಯಿಟ್ಟು ಎರಡು ವಾಕ್ಯ ಬರೆಯಲಿ. ತಪ್ಪಿದರೆ ಗದರಬೇಡಿ, ಸರಿಯಾದ ಜೋಡಿ ಹೇಳಿ ಮುಂದಕ್ಕೆ ಹೋಗಿ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲಿನ ಒಂದು ಗಂಟೆ ಸಾಕು. ಜಾಗಕ್ಕೆ ಶಾಲೆಯ ಕೊಠಡಿಯಾದರೂ ಆದೀತು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವಾದರೂ ಆದೀತು. ಈ ವಾರವೇ ನಿಮ್ಮೂರಿನ ಮುಖ್ಯೋಪಾಧ್ಯಾಯರನ್ನು ಕಂಡು, ಬರುತ್ತೇನೆಂದು ಹೇಳಿ ಬನ್ನಿ.